ಫೋಟೋದೊಳಗಿನ ಬಾಂದು

ನಮ್ಮೂರು ಬೋರಗಾಂವದಲ್ಲಿ ಹುಟ್ಟಿದವನಿಗೆ ಕಂಪ್ಯೂಟರ್ ತಿಳಿಯದಿದ್ದರೂ ಉತಾರ, ಅಂದರೆ ಹೊಲದ ಪಹಣಿ, ತಿಳಿದಿರುತ್ತದೆ. ಲೈಟ್‌ರೂಮ್ ನನ್ನ ತಲೆಗೆ ಹೊಕ್ಕಿದ್ದು ಆ ಬಾಗಿಲಿನಿಂದಲೇ.

ಮಗಳ ಮದುವೆಯ ಫೋಟೋ ಹೊಡೆದವನು ಅಕ್ಕನ ಮಗ. ಪುಣೆಗೆ ಹೊರಡುವ ಮುಂಚೆ ನನ್ನ ಕಂಪ್ಯೂಟರಿಗೆ ಲೈಟ್‌ರೂಮ್, ಫೋಟೋಶಾಪ್ ಎರಡನ್ನೂ ಹಾಕಿಕೊಟ್ಟ. ಅಲ್ಲಿಯ ತನಕ ನನ್ನದು ಪಿಕಾಸಾ ಸಂಸಾರ. 2016ರಲ್ಲಿ ಗೂಗಲ್ಲೇ ಅದರ ಕೈಬಿಟ್ಟರೂ ನಾನು ಬಿಟ್ಟಿರಲಿಲ್ಲ.

“ಮಾಮಾ, ಒಂದು ಫೋಟೋ ಜೋಪಾನ ಮಾಡ್ತೈತಿ, ಇನ್ನೊಂದು ತಿದ್ದತೈತಿ. ಎರಡೂ ಕೂಡಿ ಬಾಳೇ ಮಾಡ್ತಾವ” ಅಂದ.

ಇಬ್ಬರು ಕೂಡಿ ಬಾಳುವೆ ಮಾಡಿದ್ದು ನಮ್ಮ ಮನೆತನದಲ್ಲಿ ಯಾರೂ ಕಂಡಿಲ್ಲ. ಅವತ್ತೇ ನಾನು ಎಚ್ಚರಾಗಬೇಕಿತ್ತು.

ವಾರದೊಳಗೆ ಡಿಸ್ಕ್ ತುಂಬಿತೆಂದು ಮದುವೆಯ ಫೋಲ್ಡರನ್ನು ಎತ್ತಿ ಬೇರೆ ಡ್ರೈವ್‌ನಲ್ಲಿಟ್ಟೆ. ಮರುದಿನ ಲೈಟ್‌ರೂಮ್ ತೆಗೆದರೆ ಪ್ರತಿ ಫೋಟೋದ ಮೂಲೆಯಲ್ಲೂ ಒಂದೊಂದು ಆಶ್ಚರ್ಯಸೂಚಕ ಚಿಹ್ನೆ! ಅಕ್ಷತೆಗೊಂದು, ಊಟದ ಪಂಕ್ತಿಗೊಂದು, ಬೀಗರಿಗೂ ಒಂದು. ಗಾಬರಿಯಾಗಿ ಪುಣೆಗೆ ಫೋನ್ ಹಚ್ಚಿದೆ.

“ಫೋಟೋ ಲೈಟ್‌ರೂಮಿನ್ಯಾಗ ಇರೂದಿಲ್ಲ ಮಾಮಾ. ಯಾವ ಫೋಟೋ ಎಲ್ಲೈತಿ ಅಂತ ಅದು ಬರಕೊಂಡಿರತೈತಿ, ಅಷ್ಟ.”

ತಲಾಠಿ! ಊರ ಹೊಲಗಳ ಲೆಕ್ಕ ಬರೆಯುವ ತಲಾಠಿಯ ಕಪಾಟಿನಲ್ಲಿ ಹಿಂದೆ ಇರುತ್ತಿದ್ದುದು ಹೊಲವಲ್ಲ, ಉತಾರ. ನಾನು ರಾತ್ರೋರಾತ್ರಿ ಹೊಲ ಹೊತ್ತುಕೊಂಡು ಹೋಗಿ, ತಲಾಠಿ ಹಳೆಯ ಸರ್ವೆ ನಂಬರಿನಲ್ಲಿ ಹುಡುಕುತ್ತಾನೆಂದು ದೂರುತ್ತಿದ್ದೆ. ಫೋಲ್ಡರ್ ಎಲ್ಲಿದೆಯೆಂದು ತೋರಿಸಿದ ಮೇಲೆ ಬೀಗರು ನಿಶ್ಚಿಂತರಾದರು. ಬೆಳಕು ಹೆಚ್ಚಿಸಿದರೂ ಅಂಚು ಕತ್ತರಿಸಿದರೂ ಲೈಟ್‌ರೂಮ್ ಮೂಲ ಫೋಟೋವನ್ನು ಮುಟ್ಟುವುದಿಲ್ಲ. ತನ್ನ ದಫ್ತರದಲ್ಲಿ ಒಂದು ಸಾಲು ಬರೆದುಕೊಳ್ಳುತ್ತದೆ. ನೆಲಕ್ಕಿಳಿದು ಅಗೆಯುವವನು ಫೋಟೋಶಾಪ್.

ಅಗೆಸುವ ಗಿರಾಕಿ ಹುಡುಕಿಕೊಂಡೇ ಬಂದರು: ದೊಡ್ಡಕಾಕಾ.

2019ರ ಆಗಸ್ಟಿನಲ್ಲಿ ದೂಧಗಂಗೆ ಉಕ್ಕಿ ನಮ್ಮ ಕಬ್ಬಿನ ಹೊಲದಲ್ಲಿ ಇಬ್ಬರು ಕಾಕಾಗಳ ಪಾಲಿನ ನಡುವಿನ ಬಾಂದು ಕೊಚ್ಚಿಹೋಯಿತು. ನೀರು ಇಳಿದಾಗ ದೊಡ್ಡಕಾಕಾನ ನೆನಪಿನಲ್ಲಿ ಬಾಂದು ಒಂದು ಕಡೆ, ಸಣ್ಣಕಾಕಾನ ನೆನಪಿನಲ್ಲಿ ಇನ್ನೊಂದು ಕಡೆ. “ಅಣ್ಣ ಎರಡು ಸಾಲು ನುಂಗ್ಯಾನ” ಎಂದು ಸಣ್ಣಕಾಕಾ. ಅಂದಿನಿಂದ ಮಾತಿಲ್ಲ. ಮದುವೆಯಲ್ಲಿ ಮಾತ್ರ ಅಜ್ಜಿಯ ಜುಲುಮೆಗೆ ಇಬ್ಬರೂ ಅವಳ ಹಿಂದೆ ಜೋಡಿಯಾಗಿ ನಿಂತಿದ್ದರು.

“ಅವ್ವನ ಫೋಟೋಕ್ಕ ಕಟ್ಟು ಹಾಕಸ್ತೀನಿ. ಇಂವನ್ನ ಅದರಾಗಿಂದ ತಗೀ” ಎಂದರು ದೊಡ್ಡಕಾಕಾ.

ಲೈಟ್‌ರೂಮಿನಲ್ಲಿ ಕಂಟ್ರೋಲ್ ಜೊತೆ ‘ಇ’ ಒತ್ತಿದರೆ ಫೋಟೋ ಫೋಟೋಶಾಪಿಗೆ ಹೋಗುತ್ತದೆ. ಸುತ್ತಲಿನದನ್ನು ನೋಡಿ ಖಾಲಿ ಜಾಗ ತುಂಬುವ ವಿದ್ಯೆ ಅದಕ್ಕೆ 2010ರಿಂದ ಗೊತ್ತು. ಸಣ್ಣಕಾಕಾನ ಸುತ್ತ ಗೆರೆ ಎಳೆದು ಗುಂಡಿ ಒತ್ತಿದೆ. ಅವರು ಹೋದರು. ನಾನು ಗೆರೆ ಎಳೆದ ಚಂದಕ್ಕೆ, ಆ ಜಾಗ ತುಂಬಲು ಸಿಕ್ಕ ಸಾಮಾನು ಪಕ್ಕದಲ್ಲಿದ್ದ ದೊಡ್ಡಕಾಕಾನೇ. ಅವರ ಧೋತರ ಅತ್ತ ಹಬ್ಬಿತ್ತು. ರುಮಾಲು ಅಗಲವಾಗಿತ್ತು. ತಮ್ಮ ನಿಂತಿದ್ದಲ್ಲಿ ಅಣ್ಣನದೇ ಇನ್ನೊಂದು ಅರ್ಧ ಮೀಸೆ ಮೊಳೆತಿತ್ತು.

ಸಣ್ಣಕಾಕಾನ ಫಿರ್ಯಾದಿಗೆ ಇದಕ್ಕಿಂತ ಗಟ್ಟಿ ಪುರಾವೆ ಯಾವ ಕೋರ್ಟಿನಲ್ಲೂ ಸಿಗುತ್ತಿರಲಿಲ್ಲ.

ಮೇಲಾಗಿ ಅದನ್ನು ಬೇರೆ ಹೆಸರು ಕೊಟ್ಟು ಡೆಸ್ಕ್‌ಟಾಪಿನ ಮೇಲೆ ಇಟ್ಟೆ. ಲೈಟ್‌ರೂಮಿಗೆ ಸುದ್ದಿಯೇ ಇಲ್ಲ. ಹೊಲ ಮಾರಿ ತಲಾಠಿಗೆ ಹೇಳದಿದ್ದ ಹಾಗೆ. ಮತ್ತೆ ಪುಣೆ. ಹೆಸರು ಬದಲಿಸದೆ ಬರೀ ‘ಸೇವ್’ ಅನ್ನಬೇಕಂತೆ. ಎಲ್ಲ ಮತ್ತೊಮ್ಮೆ ಮಾಡಿ ಹಾಗೆ ಅಂದಾಗ, ತಿದ್ದಿದ ನಕಲು ‘ಎಡಿಟ್’ ಎಂಬ ಬಾಲ ಹಚ್ಚಿಕೊಂಡು ಬಂದು ಮೂಲದ ಮಗ್ಗುಲಿಗೆ ಕೂತಿತು. ಗೆರೆ ಎಳೆಯುವ ಕೈ ಅದೇ ಆದ್ದರಿಂದ ಮೀಸೆಯೂ ಅಲ್ಲೇ ಮೊಳೆತಿತ್ತು.

ಸಂಜೆ ದೊಡ್ಡಕಾಕಾ ಬಂದು ಚಾಳೀಸು ಏರಿಸಿಕೊಂಡು ಬಹಳ ಹೊತ್ತು ನೋಡಿದರು.

“ನಾ ಇಷ್ಟು ಅಗಲ ಅದೇನೇನೋ?”

“ಇಲ್ಲ ಕಾಕಾ. ಸಣ್ಣಕಾಕಾನ ಜಾಗಾ ಸೇರಿ ಹಂಗ ಕಾಣತೈತಿ.”

ಅವರು ಮಾತಾಡಲಿಲ್ಲ. ಕೆಳಗೆ ಎರಡು ಅಂಕಿಗಳಿದ್ದವು. “ಇದೇನು?”

“ತೂಕ ಅನ್ನಂಗ ತಿಳೀರಿ. ಇಬ್ಬರೂ ಇರೋದು 28 ಎಂಬಿ. ನೀವೊಬ್ಬರ ಇರೋದು 140 ಚಿಲ್ಲರೆ.”

ಲೆಕ್ಕ ಸರಳ. ಕ್ಯಾಮೆರಾದ ಮೂಲ ಕಡತದಲ್ಲಿ ಒಂದೊಂದು ಚುಕ್ಕೆಗೆ ಒಂದೇ ಬಣ್ಣದ ಲೆಕ್ಕವಿರುತ್ತದೆ, ಅದನ್ನೂ ಒತ್ತಿ ಕಟ್ಟಿರುತ್ತಾರೆ. ಫೋಟೋಶಾಪಿಗೆ ಹೋಗಿಬಂದ ಟಿಫ್ ನಕಲಿನಲ್ಲಿ 2.4 ಕೋಟಿ ಚುಕ್ಕೆ, ಚುಕ್ಕೆಗೆ ಮೂರು ಬಣ್ಣ, ಬಣ್ಣಕ್ಕೆ ಎರಡು ಬೈಟ್: 14.4 ಕೋಟಿ. ಇದನ್ನು ಹೇಳಬೇಕೆಂದು ಬಾಯಿ ತೆರೆದೆ.

“ತಮ್ಮನ್ನ ತಗದ ಮ್ಯಾಲೆ ಹಗೂರ ಆಗಬೇಕಿತ್ತಲ್ಲೋ” ಎಂದರು ಕಾಕಾ.

ಬಾಯಿ ಮುಚ್ಚಿಕೊಂಡೆ.

ಮೆಟ್ಟು ಹಾಕಿಕೊಂಡವರು ಹೊಸ್ತಿಲಲ್ಲಿ ನಿಂತು, ಬೀದಿಯ ಕಡೆ ನೋಡುತ್ತ ಹೇಳಿದರು: “ಆ 28ರದು ಎರಡು ಕಾಪಿ ತಗಸು. ಒಂದು ಅಂವನ ಮನಿಗೆ ಕೊಡು. ನಾ ಹೇಳೀನಿ ಅಂತ ಮಾತ್ರ ಹೇಳಬ್ಯಾಡ.”