ನಿಂತೇ ದುಡಿಯೋ ಕಾಲು

ಅಕ್ಕಾ, ಬಟ್ಟೆ ಆಮೇಲೆ ಹರವಿದರಾಯ್ತು, ಒಂಚೂರು ಆ ಕಟ್ಟೆ ಮೇಲೆ ಕೂತ್ಕೊಳ್ಳಿ. ಸೀರೆ ಎತ್ತಿ ಸಿಕ್ಕಿಸಿದಾಗ ಕಾಣಿಸ್ತು, ಮಂಡಿ ಹಿಂದಿನಿಂದ ಹಸಿರು ನರ ಗಂಟುಗಂಟಾಗಿ ಇಳಿದಿದೆ. ಅದಕ್ಕಿಂತ ನನಗೆ ಗಾಬರಿ ಆಗಿದ್ದು ಕಾಲ್ಗೆಜ್ಜೆ ಕೂರೋ ಜಾಗದ ಮೇಲಿನ ಕಪ್ಪು ನೋಡಿ. ಒಳಮಗ್ಗುಲಲ್ಲಿ ಚರ್ಮ ಬಿರುಸಾಗಿ, ಕೆರೆದು ಕೆರೆದು ಗೀರು ಬಿದ್ದಿದೆ. ಹಾಗೇ ಬಿಟ್ಟರೆ ಅಲ್ಲೇ ಹುಣ್ಣಾಗೋದು. ಹುಣ್ಣಾದರೆ ತಿಂಗಳುಗಟ್ಟಲೆ ಮಾಯೋಲ್ಲ.

ಸೀರೆ ಅಂಗಡಿ ಕೌಂಟರ್ ಹಿಂದೆ ಇಷ್ಟು ವರ್ಷ ನಿಂತೇ ದುಡಿದಿದ್ದೀರಿ. ಪಾದಕ್ಕಿಳಿದ ರಕ್ತ ಮತ್ತೆ ಎದೆಗೆ ಹತ್ತಬೇಕಲ್ಲ? ನಡೆದಾಗ ಮೀನಖಂಡ ಹಿಂಡಿ ಅದನ್ನ ಮೇಲಕ್ಕೆ ಕಳಿಸುತ್ತೆ, ನರದೊಳಗಿನ ಪುಟ್ಟ ಕವಾಟಗಳು ಕೆಳಗೆ ಜಾರದ ಹಾಗೆ ತಡೀತವೆ. ಕದಲದೆ ನಿಂತರೆ ಹಿಂಡೋರು ಯಾರು? ಒತ್ತಡಕ್ಕೆ ನರ ಹಿಗ್ಗುತ್ತೆ, ಕವಾಟ ಸರಿಯಾಗಿ ಮುಚ್ಚೋಲ್ಲ. ನಿಮ್ಮಮ್ಮನಿಗೂ ಇತ್ತು ಅಂದಿದ್ರಿ. ಮನೆತನದಲ್ಲಿ ಬರುತ್ತೆ, ಬಸಿರಲ್ಲಿ ಜಾಸ್ತಿಯಾಗುತ್ತೆ.

ಎಣ್ಣೆ ತಿಕ್ಕಿದರೆ ಕೆಟ್ಟ ಕವಾಟ ರಿಪೇರಿ ಆಗೋಲ್ಲ ಅಕ್ಕಾ. ಡಾಪ್ಲರ್ ಸ್ಕ್ಯಾನ್ ಮಾಡಿಸಿ, ಯಾವ ನರ ಸೋರ್ತಿದೆ ಅಂತ ಗೊತ್ತಾಗುತ್ತೆ. ಈಗ ಲೇಸರ್ ಕಾವಿನಿಂದ ಆ ನರವನ್ನೇ ಮುಚ್ಚಿಬಿಡ್ತಾರೆ, ರಕ್ತ ಒಳಗಿನ ಬೇರೆ ನರ ಹಿಡಿದು ಹೋಗುತ್ತೆ. ಬಿಗಿ ಸ್ಟಾಕಿಂಗ್ಸ್ ಕೊಟ್ಟರೆ ಅಳತೆ ಕೊಟ್ಟೇ ತಗೊಳ್ಳಿ, ಬೆಳಿಗ್ಗೆ ಬಾವು ಇಳಿದಿರುವಾಗ, ಹಾಸಿಗೆಯಲ್ಲೇ ಹಾಕ್ಕೊಳ್ಳಿ. ನಿಮಗೆ ಶುಗರ್ ಇದೆ, ಪಾದಕ್ಕೆ ರಕ್ತ ಚೆನ್ನಾಗಿ ಇಳೀತಿದೆಯಾ ಅಂತ ಡಾಕ್ಟರು ನೋಡದೆ ಮಾತ್ರ ಬೇಡ. ರಾತ್ರಿ ಕಾಲ ಕೆಳಗೆ ದಿಂಬಿಡಿ.

ಉಬ್ಬಿದ ನರ ಒಡೆದು ರಕ್ತ ಚಿಮ್ಮಿದರೆ ಓಡಾಡಬೇಡಿ. ಮಲಗಿ, ಕಾಲು ಮೇಲೆತ್ತಿ, ಶುಭ್ರ ಬಟ್ಟೆಯಿಂದ ಅಲ್ಲೇ ಗಟ್ಟಿಯಾಗಿ ಒತ್ತಿ ಹಿಡೀರಿ, ನನ್ನನ್ನ ಕೂಗಿ. ಒಂದೇ ಕಾಲು ದಿಢೀರನೆ ಊದಿ ನೋವು ಬಂದರೆ ಅವತ್ತೇ ತೋರಿಸಬೇಕು, ರಕ್ತ ಹೆಪ್ಪುಗಟ್ಟಿರಬಹುದು. ಜೊತೆಗೆ ಉಸಿರು ಕಟ್ಟಿದರಂತೂ ಒಂದು ಗಳಿಗೆ ತಡಮಾಡೋ ಹಾಗಿಲ್ಲ.

ಅಂಗಡೀಲಿ ಕುರ್ಚಿ ಕೇಳೋಕೆ ಸಂಕೋಚ ಯಾಕೆ? ಕೇರಳದಲ್ಲಿ ಅಂಗಡಿ ಹೆಂಗಸರೇ ಬೀದಿಗಿಳಿದು ಕೂರೋ ಹಕ್ಕು ಕೇಳಿದರು, 2018ರಲ್ಲಿ ಕಾನೂನೇ ತಿದ್ದುಪಡಿ ಆಯ್ತು. 2021ರಲ್ಲಿ ತಮಿಳುನಾಡೂ ಮಾಡಿತು. ಗಿರಾಕಿ ಇಲ್ಲದಾಗ ಕೂತರೆ ಯಾರಿಗೇನು ನಷ್ಟ? ಕೂರೋಕಾಗದ ಹೊತ್ತಲ್ಲಿ ಹಿಮ್ಮಡಿ ಎತ್ತಿ ಇಳಿಸ್ತಾ ಇರಿ, ನಾಲ್ಕು ಹೆಜ್ಜೆ ಓಡಾಡಿ. ನಿಮ್ಮ ಪಕ್ಕದ ಕೌಂಟರಿನ ಹುಡುಗೀರಿಗೂ ಈಗಲೇ ಹೇಳಿಕೊಡಿ. ಸ್ಕ್ಯಾನಿಗೆ ಯಾವತ್ತು ರಜಾ ಹಾಕ್ತೀರಿ ಹೇಳಿ, ನಾನೂ ಜೊತೆಗೆ ಬರ್ತೀನಿ.