ಪವರ್‌ಫುಲ್ ಕಾಫಿ

ಕನ್ನಡ ಮಾಧ್ಯಮದ ಶಾಲೆಗಳಲ್ಲಿ ಇಂಗ್ಲಿಷ್ ಪದಸಂಪತ್ತನ್ನು ಬೆಳೆಸಲು ಬಹುಕಾಲದಿಂದ ಬಳಕೆಯಲ್ಲಿರುವ ಸಾಧನವೆಂದರೆ ಇನ್ನೂರು ಪುಟದ ಒಂದು ನೋಟ್‌ಬುಕ್ಕು, ಪುಟದ ನಡುವೆ ಎಳೆದ ಗೆರೆ ಮತ್ತು ಆ ಗೆರೆಯ ಮೇಲೆ ಸಾಲಾಗಿ ಕುಳಿತ ಸಮ ಚಿಹ್ನೆಗಳು. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಅದರ ‘ಮೀನಿಂಗು’. ನಡುವಿನ ಚಿಹ್ನೆ ಗಣಿತದಿಂದ ಕಡ ತಂದದ್ದಾದ್ದರಿಂದ ಎರಡು ಬದಿಯ ತೂಕವೂ ಒಂದೇ ಎಂಬ ನಂಬಿಕೆ ವಿದ್ಯಾರ್ಥಿಯಲ್ಲಿ ತಾನಾಗಿ ಮೂಡುತ್ತದೆ.

ಈ ನೋಟ್‌ಬುಕ್ಕಿನ ಒಂದು ಪುಟದಲ್ಲಿ ‘ಸ್ಟ್ರಾಂಗ್’ ಎಂಬುದರ ಎದುರು ‘ಬಲವಾದ’ ಎಂದಿರುತ್ತದೆ, ಕೆಲವು ಪುಟ ದಾಟಿದ ಮೇಲೆ ‘ಪವರ್‌ಫುಲ್’ ಎಂಬುದರ ಎದುರಿಗೂ ‘ಬಲವಾದ’ ಎಂದೇ ಇರುತ್ತದೆ. ಒಂದೇ ವಸ್ತುವಿಗೆ ಸಮನಾದವು ತಮ್ಮೊಳಗೂ ಸಮ ಎಂಬ ಯೂಕ್ಲಿಡನ ಸ್ವಯಂಸಿದ್ಧವನ್ನು ಹಿಂದಿನ ಪೀರಿಯಡ್ಡಿನಲ್ಲಷ್ಟೇ ಕಲಿತುಬಂದ ವಿದ್ಯಾರ್ಥಿ ಇವೆರಡನ್ನು ಅದಲುಬದಲು ಮಾಡಿದರೆ ತಪ್ಪನ್ನು ಚಿಹ್ನೆಯ ಮೇಲೆಯೇ ಹೊರಿಸಬೇಕಾಗುತ್ತದೆ. ಆದರೆ ಅದೇ ವಿದ್ಯಾರ್ಥಿ ಸಂಜೆ ದರ್ಶಿನಿಯ ಕೌಂಟರಿನ ಮುಂದೆ ನಿಂತಾಗ ‘ಸ್ಟ್ರಾಂಗ್ ಕಾಫಿ’ಯನ್ನೇ ಕೇಳುತ್ತಾನೆ, ‘ಪವರ್‌ಫುಲ್ ಕಾಫಿ’ ಎನ್ನಬಾರದೆಂದು ಯಾವ ಮೇಷ್ಟರೂ ಅವನಿಗೆ ಹೇಳಿಕೊಟ್ಟಿರುವುದಿಲ್ಲ.

ಒಂದು ಪದ ರೂಢಿಯಲ್ಲಿ ಯಾವ ಪದದೊಡನೆ ಕೂಡಿ ಬರುತ್ತದೆ ಎಂಬ ಈ ಸಂಗತಿಯನ್ನು ಭಾಷಾವಿಜ್ಞಾನಿಗಳು ‘ಕೊಲೊಕೇಶನ್’ ಎನ್ನುತ್ತಾರೆ. ಕನ್ನಡದಲ್ಲಿ ಪದಗಳ ಸಹವಾಸ ಎಂದರೆ ಸಾಕು. 1919ರಿಂದ 1928ರವರೆಗೆ ಲಾಹೋರಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದು ಅನಂತರ ಲಂಡನ್ನಿಗೆ ಹೋದ ಜೆ. ಆರ್. ಫರ್ತ್ ಅವರು ಪದದ ಅರ್ಥದಲ್ಲಿ ಒಂದು ಪಾಲು ಅದರ ಸಹವಾಸದಿಂದಲೇ ಬರುತ್ತದೆಂದು ವಾದಿಸಿದರು. ಅವರ ಶಿಷ್ಯ ಎಂ. ಎ. ಕೆ. ಹ್ಯಾಲಿಡೇ 1966ರ ಒಂದು ಲೇಖನದಲ್ಲಿ ಟೀಗೆ ‘ಸ್ಟ್ರಾಂಗ್’ ಒಗ್ಗುತ್ತದೆ, ಕಾರಿಗೆ ‘ಪವರ್‌ಫುಲ್’ ಒಗ್ಗುತ್ತದೆ, ವಿಶೇಷಣಗಳನ್ನು ಅದಲುಬದಲು ಮಾಡಿದರೆ ಒಗ್ಗುವುದಿಲ್ಲ ಎಂಬುದನ್ನು ಶಾಸ್ತ್ರೀಯವಾಗಿ ಬಿಡಿಸಿಟ್ಟರು. ಹೋಟೆಲಿನ ಮಾಣಿಗೆ ಶಾಸ್ತ್ರವಿಲ್ಲದೆಯೇ ತಿಳಿದಿದ್ದ ವಿಷಯವಿದು. ಇಷ್ಟು ದೊಡ್ಡ ವಿದ್ವಾಂಸರು ಕಾಫಿಯನ್ನು ಬಿಟ್ಟು ಟೀಯನ್ನು ಉದಾಹರಣೆಗೆ ಆರಿಸಿಕೊಂಡದ್ದನ್ನು ಚಿಕ್ಕಮಗಳೂರಿನ ಓದುಗರು ಕ್ಷಮಿಸಬೇಕು.

ಬಸ್ಸು ಇನ್ನೂ ಕಟ್ಟುನಿಟ್ಟಾದ ಪಾಠಶಾಲೆ. ನಿಘಂಟಿನಲ್ಲಿ ‘ರೈಟ್’ ಎಂದರೆ ಸರಿ, ಬಲಗಡೆ, ಹಕ್ಕು ಎಂದು ಹಲವು ಅರ್ಥಗಳಿವೆ, ಆದರೆ ಕಂಡಕ್ಟರು ‘ರೈಟ್ ರೈಟ್’ ಎಂದು ಕೂಗಿದಾಗ ಡ್ರೈವರು ಬಸ್ಸನ್ನು ಬಲಕ್ಕೆ ತಿರುಗಿಸುವುದಿಲ್ಲ, ಯಾರ ಹಕ್ಕನ್ನೂ ಎತ್ತಿಹಿಡಿಯುವುದಿಲ್ಲ, ಸುಮ್ಮನೆ ಗೇರು ಹಾಕುತ್ತಾನೆ. ಬೆಂಗಳೂರಿನ ಕಂಡಕ್ಟರುಗಳ ‘ಹೋಲ್ಡಾನ್’ ಎರಡು ಇಂಗ್ಲಿಷ್ ಪದಗಳು ಸಂಧಿಯಾಗಿ ಒಂದಾದ ರೂಪ. ಅದು ಕಿವಿಗೆ ಬಿದ್ದೊಡನೆ ಬಳಕೆಯಿಂದ ಇಂಗ್ಲಿಷ್ ಕಲಿತವರು ಇಳಿಯಲು ಬಾಗಿಲ ಕಡೆಗೆ ಸರಿಯುತ್ತಾರೆ, ನಿಘಂಟಿನಿಂದ ಕಲಿತವರು ಕಂಬಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡು ಮುಂದಿನ ಸ್ಟಾಪಿಗೆ ಹೋಗುತ್ತಾರೆ.

ಹಾಗೆಂದು ಬಳಕೆಯೊಂದನ್ನೇ ಗುರುವೆಂದು ನಂಬಿ ಹಡಗು ಹತ್ತುವಂತಿಲ್ಲ, ಏಕೆಂದರೆ ಊರಿನ ಬಳಕೆ ಊರಿನ ಎಲ್ಲೆಯವರೆಗೆ ಮಾತ್ರ ನಡೆಯುತ್ತದೆ. ಲಂಡನ್ನಿನಲ್ಲಿ ಹಸಿದು ‘ಹೋಟೆಲ್’ ಹುಡುಕಿದವರಿಗೆ ಮೊದಲು ಸಿಗುವುದು ಹಾಸಿಗೆ. ಅಲ್ಲಿ ‘ಪಾರ್ಸೆಲ್’ ಕೇಳಿದರೆ ಅಂಚೆ ಕಚೇರಿಯ ದಾರಿ ತೋರಿಸಿದರೂ ತೋರಿಸಬಹುದು. ‘ಬೈ ಟೂ’ ಕಾಫಿಯ ಮಾತಂತೂ ಬೇಡ, ಪಾನೀಯವನ್ನು ಭಿನ್ನರಾಶಿಯಲ್ಲಿ ಕೇಳುವ ಜಾಣತನ ಇಂಗ್ಲಿಷಿನ ತವರಿಗೆ ಇನ್ನೂ ತಲುಪಿಲ್ಲ.

ಎಷ್ಟು ಪದ ಕಲಿತರೆ ಸಾಕೆಂಬ ಪ್ರಶ್ನೆಗೂ ಉತ್ತರವಿದೆ. ಢಾಕಾದಲ್ಲಿದ್ದು ಬಂಗಾಳಿ ಮಕ್ಕಳ ಇಂಗ್ಲಿಷ್ ಓದನ್ನು ಅಧ್ಯಯನ ಮಾಡಿದ ಮೈಕೆಲ್ ವೆಸ್ಟ್ 1953ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ನಿತ್ಯೋಪಯೋಗಿ ಪದಗಳು ಸುಮಾರು 2,000 ಇವೆ. ದಿನಕ್ಕೆ ಹತ್ತರಂತೆ ಉರುಹೊಡೆದರೆ ಇನ್ನೂರು ದಿನದ ಕೆಲಸ ಎಂದು ಹಿಗ್ಗುವ ಮುನ್ನ, 1989ರ ಆಕ್ಸ್‌ಫರ್ಡ್ ಇಂಗ್ಲಿಷ್ ಡಿಕ್ಷನರಿಯು ‘ಸೆಟ್’ ಎಂಬ ಒಂದೇ ಕ್ರಿಯಾಪದದ ಸುಮಾರು 430 ಅರ್ಥಗಳಿಗೆ 60,000 ಪದಗಳಷ್ಟು ವಿವರಣೆ ಕೊಟ್ಟಿದೆಯೆಂಬುದನ್ನು ನೆನೆಯಬೇಕು. ಸೆಟ್ ದೋಸೆಯ ‘ಸೆಟ್’ ನಾಮಪದವಾದ್ದರಿಂದ ಆ ಲೆಕ್ಕಕ್ಕೆ ಸೇರಿಲ್ಲ.

ಬಿಡಿ ಅರ್ಥದಿಂದ ಕಲಿಯುವವರ ಹಸಿವು ತೀರದೆಂದು ನಿಘಂಟುಕಾರರಿಗೂ ಹೊಳೆಯದೆ ಇರಲಿಲ್ಲ. ಜಪಾನಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ. ಎಸ್. ಹಾರ್ನ್‌ಬಿ ಮತ್ತು ಜೊತೆಗಾರರ ನಿಘಂಟು 1942ರಲ್ಲಿ ಟೋಕಿಯೋದಲ್ಲಿ ಅಚ್ಚಾದಾಗ ಕ್ರಿಯಾಪದಗಳು ಎಂತೆಂಥ ವಾಕ್ಯದಲ್ಲಿ ಕೂರುತ್ತವೆಂಬುದನ್ನೂ ತೋರಿಸಿತು. ಜಾನ್ ಸಿಂಕ್ಲೇರ್ ನೇತೃತ್ವದಲ್ಲಿ 1987ರಲ್ಲಿ ಬಂದ ಕೋಬಿಲ್ಡ್ ನಿಘಂಟು ಇನ್ನೂ ಮುಂದೆ ಹೋಗಿ, ಜನ ನಿಜವಾಗಿ ಬರೆದ, ಆಡಿದ ವಾಕ್ಯಗಳನ್ನು ಕಂಪ್ಯೂಟರಿಗೆ ತುಂಬಿ, ಮನೆಯ ಹಿರಿಯರು ಬಿಡಿಸಿ ಹೇಳುವಂತೆ ‘ಯಾರಾದರೂ ಹೀಗೆ ಮಾಡಿದರೆ ಹಾಗೆ ಎನ್ನುತ್ತೇವೆ’ ಎಂಬ ಧಾಟಿಯಲ್ಲಿ ಪೂರ್ಣ ವಾಕ್ಯದಲ್ಲೇ ಅರ್ಥ ಹೇಳಿತು. ಇಂಥ ಪುಸ್ತಕ ಸಹಜವಾಗಿಯೇ ದಪ್ಪ, ಬೆಲೆಯೂ ಹೆಚ್ಚು. ಜೂನ್ ತಿಂಗಳಲ್ಲಿ ಪುಸ್ತಕದಂಗಡಿಗೆ ಬರುವ ತಂದೆತಾಯಂದಿರು ಅದನ್ನು ಕೈಯಲ್ಲಿ ತೂಗಿ ನೋಡಿ, ಹೆಚ್ಚು ಅರ್ಥವೆಂದರೆ ಮಗುವಿಗೆ ಹೆಚ್ಚು ಕಂಠಪಾಠವೆಂದು ಮರುಗಿ, ಪದಕ್ಕೊಂದೇ ಅರ್ಥವಿರುವ ಪಾಕೆಟ್ ಡಿಕ್ಷನರಿಯನ್ನು ಬಿಲ್ಲು ಮಾಡಿಸುತ್ತಾರೆ.