ಕಲ್ಲಿಗೂ ಒಂದು ಸಂಘ

ಹಾಸನ ಜಿಲ್ಲೆಯಲ್ಲಿ ಸಂಘಗಳಿಗೆ ಬರವಿಲ್ಲ. ಹಾಲಿಗೊಂದು ಸಂಘ, ತೆಂಗಿಗೊಂದು ಸಂಘ, ಭಜನೆಗೊಂದು, ಚೀಟಿಗೊಂದು, ಬೆಳಗಿನ ವಾಕಿಂಗಿಗೊಂದು. ಇಷ್ಟೆಲ್ಲ ಇದ್ದೂ ಈ ಸೀಮೆಯ ಅತ್ಯಂತ ಹಿರಿಯ ನಿವಾಸಿಗಳಾದ ಕಲ್ಲುಗಳ ಕಡೆಯಿಂದ ಮಾತಾಡುವವರು ಯಾರೂ ಇಲ್ಲವಲ್ಲ ಎಂಬ ಕೊರಗು ನಮ್ಮಲ್ಲಿ ಕೆಲವರಿಗೆ ಹತ್ತಿತು. ನಿವೃತ್ತ ಹೈಸ್ಕೂಲ್ ಮೇಷ್ಟ್ರು, ಒಬ್ಬರು ಎಲ್‌ಐಸಿ ಏಜೆಂಟರು, ಜೆರಾಕ್ಸ್ ಅಂಗಡಿಯ ಹುಡುಗ, ಎರಡು ಮಕ್ಕಳ ತಾಯಿಯಾದ ನರ್ಸ್ ಒಬ್ಬರು, ಕೊನೆಗೆ ನಾನು. ನಮ್ಮಲ್ಲಿ ಭೂವಿಜ್ಞಾನ ಓದಿದವರು ಯಾರೂ ಇಲ್ಲ. ಓದಿದವರಿಗೆ ಭಾನುವಾರ ಬಿಡುವಿರುವುದಿಲ್ಲ.

ಬಳಗಕ್ಕೆ ಹೆಸರಿಟ್ಟಿಲ್ಲ. ಹೆಸರಿಟ್ಟರೆ ನೋಂದಣಿ, ನೋಂದಣಿಯಾದರೆ ಅಧ್ಯಕ್ಷರು, ಅಧ್ಯಕ್ಷರಾದ ಮೇಲೆ ಉದ್ಘಾಟನೆ. ನಮ್ಮ ಕಡೆ ಉದ್ಘಾಟನೆ ಎಂದರೆ ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಶಾಲು, ಹಾರ, ಹಣ್ಣಿನ ಬುಟ್ಟಿ, ವಂದನಾರ್ಪಣೆ. ಅಷ್ಟು ಮುಗಿಯುವ ಹೊತ್ತಿಗೆ ಬಿಸಿಲೇರಿ ಬಂಡೆ ಕಾದಿರುತ್ತದೆ, ಮೇಲೆ ಕೂರುವ ಹಾಗಿಲ್ಲ. ಆದ್ದರಿಂದ ಬೆಳಗಿನ ಮೊದಲ ಬಸ್ಸು, ಡಬ್ಬಿಯಲ್ಲಿ ಚಿತ್ರಾನ್ನ, ಜೇಬಿನಲ್ಲೊಂದು ಭೂತಗನ್ನಡಿ, ಇಷ್ಟೇ ನಮ್ಮ ಬೈಲಾ.

ಹೊಲದ ಬದುವಿನಲ್ಲಿ ಬಗ್ಗಿ ಕಲ್ಲು ನೋಡುವವರನ್ನು ಊರವರು ಸುಮ್ಮನೆ ಬಿಡುವುದಿಲ್ಲ. ಚನ್ನರಾಯಪಟ್ಟಣದ ಕಡೆಯಾದರೆ ಮೊದಲ ಪ್ರಶ್ನೆ, “ಬೋರ್ ಪಾಯಿಂಟ್ ನೋಡೋಕೆ ಬಂದ್ರಾ ಸಾರ್?” ಹೊಳೆನರಸೀಪುರದ ಕಡೆ, “ಕೆನಾಲಿಗೆ ಜಮೀನು ಹೋಗುತ್ತಾ?” ಅರಕಲಗೂಡಿನ ಕಡೆ ಒಬ್ಬ ಅಜ್ಜ ಹತ್ತಿರ ಬಂದು ದನಿ ತಗ್ಗಿಸಿ, “ನಿಧಿ ಸಿಕ್ಕಿದ್ರೆ ನಂಗೂ ಒಂದು ಪಾಲು ಮಡಗಪ್ಪ” ಎಂದ. ಸುಮ್ಮನೆ ಕಲ್ಲು ನೋಡಲು ಬಂದಿದ್ದೇವೆ ಎಂದರೆ ಯಾರೂ ನಂಬುವುದಿಲ್ಲ. ಬಸ್ ಚಾರ್ಜು ಕೊಟ್ಟು ಬಂದು ಕಲ್ಲು ನೋಡಿ ವಾಪಸು ಹೋಗುವವರ ಮೇಲೆ ಅನುಮಾನ ಬರುವುದು ಸಹಜವೇ.

ನಮ್ಮ ಕಡೆ ಹೊಸಬರು ಕಂಡರೆ ಯಾವೂರು, ಯಾರ ಪೈಕಿ, ಎಷ್ಟು ಕಾಲದಿಂದ ಇಲ್ಲಿದ್ದೀರಿ ಎಂದು ವಿಚಾರಿಸದೆ ಕಾಫಿಯೂ ಬರುವುದಿಲ್ಲ. ಹಟ್ಟಿಯ ಮುಂದಿನ ಬಂಡೆಯನ್ನು ಮಾತ್ರ ಯಾರೂ ಹಾಗೆ ಕೇಳಿಲ್ಲ. ಅದರ ಮೇಲೆ ರಾಗಿ ಒಣಗಿಸಿದ್ದೇವೆ, ಬಟ್ಟೆ ಒಗೆದಿದ್ದೇವೆ, ಅರಿಶಿನ ಕುಂಕುಮ ಹಚ್ಚಿ ಕೈ ಮುಗಿದಿದ್ದೇವೆ. ಪರಿಚಯ ಮಾತ್ರ ಮಾಡಿಕೊಂಡಿಲ್ಲ.

ಗೊರೂರನ್ನೇ ನೋಡಿ. ಗೊರೂರು ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಹೇಮಾವತಿ ಅಣೆಕಟ್ಟು, ಇಲ್ಲವೇ ನಕ್ಕು ನಗಿಸಿದ ರಾಮಸ್ವಾಮಿ ಅಯ್ಯಂಗಾರ್ಯರು. ಅವರ ಅಮೆರಿಕ ಪ್ರವಾಸದ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅದೇ 1980ರಲ್ಲಿ ಅವರೂರಿನ ಸುತ್ತಿನ ಬಂಡೆಗಳೂ ಲಂಡನ್ನಿನ ‘ನೇಚರ್’ ಪತ್ರಿಕೆಯಲ್ಲಿ ಕಾಣಿಸಿಕೊಂಡವು. ಈ ನೈಸ್ ಶಿಲೆಯ ವಯಸ್ಸು ಸುಮಾರು 336 ಕೋಟಿ ವರ್ಷ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದರು. ಕಲ್ಲಿಗೆ ಜಾತಕ ಬರೆಸುವ ಕ್ರಮ ಸರಳವಾದದ್ದು. ಅದರೊಳಗಿನ ರುಬಿಡಿಯಂನ ಒಂದು ಬಗೆ ಬಲು ನಿಧಾನವಾಗಿ ಸ್ಟ್ರಾನ್ಷಿಯಂ ಆಗುತ್ತಾ ಹೋಗುತ್ತದೆ. ಎಷ್ಟು ಆಗಿದೆ ಎಂದು ಅಳೆದರೆ ಎಷ್ಟು ಕಾಲವಾಯಿತು ಎಂಬುದು ಸಿಗುತ್ತದೆ. ಮುಂದೆ ಬಂದವರು ಲೆಕ್ಕದಲ್ಲಿ ಕೆಲವು ಕೋಟಿ ಅತ್ತಿತ್ತ ಮಾಡಿದರು. ಆ ವಯಸ್ಸಿನಲ್ಲಿ ಅದೇನೂ ದೊಡ್ಡ ವಿಷಯವಲ್ಲ. ಬೆಂಗಳೂರಿನ ಲಾಲ್‌ಬಾಗ್ ಬಂಡೆಗೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂಬ ಗೌರವವಿದೆ, ಫಲಕದಲ್ಲಿ 300 ಕೋಟಿ ವರ್ಷ ಎಂದು ಬರೆದಿದೆ. ಅದಕ್ಕಿಂತ ಹಿರಿಯನಾದ ಗೊರೂರಿನ ಕಲ್ಲು ಆ ಪಟ್ಟಿಯಲ್ಲಿ ಇಲ್ಲ. ರಾಜಧಾನಿಯಲ್ಲಿದ್ದವರಿಗೆ ಸನ್ಮಾನ ಬೇಗ ಆಗುತ್ತದೆ, ಇದೇನು ಹೊಸದಲ್ಲ.

ಹೊಳೆನರಸೀಪುರದ ಸುತ್ತ ಇರುವುದು ದೊಡ್ಡ ಹೆಸರಿನ ಕಲ್ಲು. ಹೊಳೆನರಸೀಪುರ ಶಿಸ್ಟ್ ಪಟ್ಟಿ ಎಂದರೆ ದೇಶವಿದೇಶಗಳ ಭೂವಿಜ್ಞಾನಿಗಳು ಕಿವಿ ನೆಟ್ಟಗೆ ಮಾಡುತ್ತಾರೆ. ಅಲ್ಲಿನ ಬಸ್ ಸ್ಟ್ಯಾಂಡಿನಲ್ಲಿ ಕೇಳಿದರೆ ರಾಜಕೀಯ ಎಷ್ಟು ಬೇಕಾದರೂ ಹೇಳುತ್ತಾರೆ, ಶಿಸ್ಟ್ ಬಗ್ಗೆ ತುಟಿ ಬಿಚ್ಚುವುದಿಲ್ಲ. ಅಲ್ಲೊಂದು ಹೊಲದಲ್ಲಿ ಜೆರಾಕ್ಸ್ ಹುಡುಗನಿಗೆ ತಿಳಿನೀಲಿ ಛಾಯೆಯ, ಚಪ್ಪಟೆ ಕಡ್ಡಿಗಳಂಥ ಹರಳಿದ್ದ ಕಲ್ಲೊಂದು ಸಿಕ್ಕಿತು. ಅದು ಕಯನೈಟ್. ಮೇಷ್ಟ್ರು ಪೆನ್‌ನೈಫ್ ತೆಗೆದು ಹರಳಿನ ಉದ್ದಕ್ಕೆ ಗೀರಿದರು, ಗೆರೆ ಬಿತ್ತು. ಅಡ್ಡಕ್ಕೆ ಗೀರಿದರು, ಚಾಕು ಜಾರಿತೇ ಹೊರತು ಗುರುತೂ ಬೀಳಲಿಲ್ಲ. ಒಂದೇ ಹರಳು, ಒಂದು ದಿಕ್ಕಿಗೆ ಮೆತ್ತಗೆ, ಇನ್ನೊಂದು ದಿಕ್ಕಿಗೆ ಗಟ್ಟಿ. ನೆಲದಾಳದ ಒತ್ತಡದಲ್ಲಿ ಕೆಸರುಕಲ್ಲು ಬೆಂದು ಹೀಗಾಗುತ್ತದೆ ಎಂದು ಮೇಷ್ಟ್ರು ವಿವರಿಸುತ್ತಿದ್ದರೆ, ನರ್ಸಮ್ಮ ಮೆಲ್ಲಗೆ, “ನಮ್ಮನೇಲೂ ಒಬ್ಬರಿದ್ದಾರೆ, ಯಾವ ಕಡೆಯಿಂದ ಗೀರಬೇಕು ಅಂತ ಈಗ ಗೊತ್ತಾಯ್ತು” ಎಂದರು.

ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಕಲ್ಲಿನ ಸ್ವಭಾವ ಬೇರೆ ಬೇರೆ. ಶ್ರವಣಬೆಳಗೊಳದ ಬೆಟ್ಟ ಗ್ರಾನೈಟು. ಅದರಲ್ಲಿ 57 ಅಡಿ ಎತ್ತರಕ್ಕೆ ಕೆಲಸ ಕೆಡಿಸುವಂಥ ಸೀಳಿಲ್ಲದ ಜಾಗ ಸಿಕ್ಕಿದ್ದರಿಂದ ಚಾವುಂಡರಾಯನ ಕಾಲದಲ್ಲಿ, ಸುಮಾರು 981ರಲ್ಲಿ, ಗೊಮ್ಮಟ ಎದ್ದು ನಿಂತ. ಅದೇ ತಾಲ್ಲೂಕಿನ ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ದೇವಸ್ಥಾನವಿದೆ, ಬೈಚೋಜ, ಮಲ್ಲಿತಮ್ಮರ ಕೈಕೆಲಸ. ಅಲ್ಲಿನದು ಬಳಪದ ಕಲ್ಲಿನ ಜಾತಿ. ಹಾರದ ಒಂದೊಂದು ಮಣಿಯನ್ನೂ, ಬೆರಳಿನ ಉಂಗುರವನ್ನೂ ಬಿಡಿಸಿ ಕೊರೆಯಲು ಒಪ್ಪುವ ಕಲ್ಲು. ಗ್ರಾನೈಟು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ, ಅದಕ್ಕೆ ಒಡವೆ ತೊಡಿಸುವುದು ಕಷ್ಟ. ದಿಗಂಬರನಿಗೆ ಗ್ರಾನೈಟು, ಸಿಂಗಾರಕ್ಕೆ ಬಳಪದ ಕಲ್ಲು ಎಂದು ಈ ತಾಲ್ಲೂಕಿನ ನೆಲವೇ ಹಂಚಿಕೊಟ್ಟ ಹಾಗಿದೆ. ಶಿಲ್ಪಿಯನ್ನು ಹೊಗಳುವಾಗ ಕಲ್ಲಿಗೂ ಒಂದು ಮಾತು ಸಲ್ಲಬೇಕು.

ನುಗ್ಗೇಹಳ್ಳಿಯ ಶಿಸ್ಟ್ ಪಟ್ಟಿಯಲ್ಲೇ ಕೊಮಟೈಟ್ ಎಂಬ ಇನ್ನೊಂದು ಹಳಬನಿದ್ದಾನೆ. ಸುಮಾರು 335 ಕೋಟಿ ವರ್ಷದ ಹಿಂದಿನ ಲಾವಾ. ಇಂದಿನ ಜ್ವಾಲಾಮುಖಿಗಳ ಲಾವಾ 1,200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನದಾದರೆ ಇದು 1,600 ಡಿಗ್ರಿಯ ಹತ್ತಿರ ಕುದಿದು ಹರಿದದ್ದು. ಭೂಮಿ ತಣ್ಣಗಾಗಿರುವುದರಿಂದ ಇನ್ನು ಅಂಥದ್ದು ಹುಟ್ಟುವುದಿಲ್ಲ. ಅದೇ ಪಟ್ಟಿಯ ಬೈರಾಪುರದ ಗಣಿಯಿಂದ ಕ್ರೋಮೈಟ್ ಅದಿರು ತೆಗೆದರು. ಸ್ಟೀಲಿಗೆ ತುಕ್ಕು ಹಿಡಿಯದಂತೆ ಕಾಯುವುದು ಅದರೊಳಗಿನ ಕ್ರೋಮಿಯಂ. ಇದನ್ನು ಕೇಳಿದ ಮೇಲೆ ಎಲ್‌ಐಸಿಯವರು ತಮ್ಮ ಚಿತ್ರಾನ್ನದ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿ, “ಇದಕ್ಕೂ ಇನ್ಶೂರೆನ್ಸ್ ನಮ್ಮೂರ ಕಲ್ಲೇ ಮಾಡಿಸಿರೋದು” ಎಂದರು.

ನಿಜ ಹೇಳಬೇಕೆಂದರೆ ಈ ಭಾಗದ ರೈತರಿಗೆ ಕಲ್ಲಿನ ವಿದ್ಯೆ ನಮಗಿಂತ ಚೆನ್ನಾಗಿ ಗೊತ್ತು. ಬೋರ್‌ವೆಲ್ ಲಾರಿ ಬಂದ ರಾತ್ರಿ ಇಡೀ ಮನೆ ನಿದ್ದೆಗೆಟ್ಟು ಕೊರೆದಂತೆ ಮೇಲೆ ಬರುವ ಕಲ್ಲಿನ ಪುಡಿಯನ್ನು ನೋಡುತ್ತದೆ. ಬಿಳಿ ಪುಡಿ ಬಂತು, ಬೂದಿ ಬಣ್ಣಕ್ಕೆ ತಿರುಗಿತು, ಕರಿಕಲ್ಲು ಸಿಕ್ಕಿತು, ಗ್ಯಾಪ್ ಬಂತು. ಅಡಿಗೆ ಇಷ್ಟೆಂದು ದುಡ್ಡು ಕೊಟ್ಟು ಕಲಿತ ಭೂವಿಜ್ಞಾನ ಅದು. ಪುಡಿಯ ಗುಡ್ಡೆಗಳನ್ನು ತುಳಿದು ಹಾಕುವ ಮೊದಲು ಒಂದೊಂದು ಹಿಡಿ ಕವರಿಗೆ ಹಾಕಿ, ಎಷ್ಟು ಅಡಿಯದೆಂದು ಚೀಟಿ ಅಂಟಿಸಿ ಶಾಲೆಗೆ ಕೊಡಿ ಎಂದು ನಾವು ಬೇಡಿಕೊಳ್ಳುತ್ತಿದ್ದೇವೆ. ಮಕ್ಕಳಿಗೆ ತಮ್ಮ ಊರಿನ ಕೆಳಗೇನಿದೆ ಎಂಬುದು ಸಾಲಾಗಿ ಕಾಣುತ್ತದೆ.

ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ಮೀನುಗಳಿಗೆ ಪುರಿ ಎರಚುವವರಿಗೆ ಲೆಕ್ಕವಿಲ್ಲ. ಕಾಲ ಕೆಳಗಿನ ಬಂಡೆಯತ್ತ ಕಣ್ಣು ಹಾಯಿಸುವವರು ಕಡಿಮೆ. ಪುರಿ ತಿನ್ನದಿದ್ದರೆ ಗಮನಿಸುವವರು ಯಾರು?

ಇಂಥ ಹುಚ್ಚು ನಮ್ಮದೇ ಮೊದಲಲ್ಲ. ಲಂಡನ್ನಿನಲ್ಲಿ 1858ರಲ್ಲಿ ಹವ್ಯಾಸಿಗಳೇ ಸೇರಿ ಜಿಯಾಲಜಿಸ್ಟ್ಸ್ ಅಸೋಸಿಯೇಷನ್ ಕಟ್ಟಿದರು, ಹೆಂಗಸರಿಗೂ ಮೊದಲಿನಿಂದಲೇ ಬಾಗಿಲು ತೆರೆದರು. ಅದೇ ಊರಿನ ಪಂಡಿತರ ಜಿಯಾಲಜಿಕಲ್ ಸೊಸೈಟಿ ಹೆಂಗಸರನ್ನು ಒಳಗೆ ಬಿಟ್ಟುಕೊಂಡದ್ದು 1919ರಲ್ಲಿ. ಮೈಸೂರು ಸಂಸ್ಥಾನಕ್ಕೆ 1894ರಲ್ಲೇ ಭೂವಿಜ್ಞಾನ ಇಲಾಖೆ ಬಂದಿತ್ತು. ಭಾರತೀಯ ಭೂವೈಜ್ಞಾನಿಕ ಸಂಘ 1958ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿತು, ಬಿ.ಪಿ. ರಾಧಾಕೃಷ್ಣ ಅವರು ಅದಕ್ಕಾಗಿ ದಶಕಗಟ್ಟಲೆ ದುಡಿದರು. ಕನ್ನಡದಲ್ಲಿ ಟಿ.ಆರ್. ಅನಂತರಾಮು ಅವರ ಪುಸ್ತಕಗಳಿವೆ. ವಿದ್ಯೆ ಇದೆ, ವಿದ್ವಾಂಸರಿದ್ದಾರೆ. ಕಲ್ಲಿಗೂ ಊರಿಗೂ ಮಾತುಕತೆ ಮಾಡಿಸುವ ದಲ್ಲಾಳಿ ಕೆಲಸ ಮಾತ್ರ ಬಾಕಿ. ಅದನ್ನು ಕಮಿಷನ್ ಇಲ್ಲದೆ ನಾವು ಮಾಡುತ್ತಿದ್ದೇವೆ.

ಇದರಿಂದೇನು ಲಾಭ ಎಂದು ಕೇಳುವವರಿಗೆ ಒಂದು ಮಾತು. ಕ್ರಷರ್‌ಗೆ ಹೋದ ಬಂಡೆ ಜಲ್ಲಿಯಾಗುತ್ತದೆ. ಜಲ್ಲಿ ಬೇಡವೆನ್ನಲು ಬಾಯಿಲ್ಲ, ನಮ್ಮ ಮನೆಗಳೂ ಅದರಲ್ಲೇ ಎದ್ದಿವೆ. ಆದರೆ ಯಾವ ಗುಡ್ಡ ಒಡೆದರೆ ಇನ್ನೊಂದು ಸಿಗುತ್ತದೆ, ಯಾವುದು ಒಡೆದರೆ ಮತ್ತೆ ಸಿಗುವುದಿಲ್ಲ ಎಂಬುದನ್ನು ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಲು ಊರಿಗೊಬ್ಬರಾದರೂ ಬೇಕು. ಪರಿಚಯವೇ ಇಲ್ಲದವರ ಪರವಾಗಿ ಯಾರು ಎದ್ದು ನಿಲ್ಲುತ್ತಾರೆ?

ಬರುವ ಭಾನುವಾರ ಗೊರೂರಿಗೆ ಹೊರಟಿದ್ದೇವೆ. ಬರುವವರು ಟೋಪಿ, ನೀರು, ಬುತ್ತಿ ತನ್ನಿ. ಸುತ್ತಿಗೆ ಬೇಡ, ಬಿದ್ದ ಚೂರುಗಳೇ ಸಾಕಷ್ಟಿವೆ. ಗಣ್ಯರಿಗೂ ಸ್ವಾಗತ. ಅವರು ಶಾಲು ತಂದರೆ ಬಂಡೆಯ ಮೇಲೆ ಹಾಸಿಕೊಂಡು ಕೂರುತ್ತೇವೆ.